ಬಲಕ್ಕೆ ಬಿದ್ದ ಹೂ

ಹೂ ಬಲಕ್ಕೇ ಬಿತ್ತು. ಸುಳ್ಳು ಹೇಳಿದವಳು ನಾನು.

ಇಂದಿರಾನಗರದ ಬಾಡಿಗೆ ಮನೆ ಬಿಟ್ಟು, ಗಂಡನ ಜೊತೆ ಕಾರವಾರದಲ್ಲಿ ಹಾಯಿದೋಣಿಯಲ್ಲೇ ಸಂಸಾರ ಹೂಡಬೇಕೆಂದು ಮೊಮ್ಮಗಳಿಗೆ ಆಸೆ. ಆದರೂ ಧೈರ್ಯ ಸಾಲದು. "ಅಮ್ಮನ ಹತ್ರ ಹೂ ಕೇಳೋಣ ಬಾ" ಎಂದು ಹಲಸೂರಿನ ನಮ್ಮ ಬೀದಿಯ ಮಾರಮ್ಮನ ಗುಡಿಗೆ ಕರೆದುಕೊಂಡು ಹೋದವಳು ನಾನೇ. ದೇವಿಗೆ ಏರಿಸಿದ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಇಂಥ ಹುಚ್ಚಾಟಕ್ಕೆ ಎಡಕ್ಕೇ ಬೀಳುತ್ತದೆಂದು ನನಗೆ ಗ್ಯಾರಂಟಿ ಇತ್ತು.

ಬಲಭುಜದ ಸೇವಂತಿಗೆ ಉದುರಿತು. ಮೊಮ್ಮಗಳು ಕೈ ಮುಗಿದಳು.

"ಅದು ಫ್ಯಾನ್ ಗಾಳಿಗೆ ಬಿದ್ದಿದ್ದು ಕಣೇ, ಲೆಕ್ಕಕ್ಕಿಲ್ಲ" ಎಂದೆ.

"ನನ್ನ ಮದ್ವೆಗೆ ಕೇಳ್ದಾಗ್ಲೂ ಫ್ಯಾನ್ ತಿರುಗ್ತಿತ್ತಲ್ಲ ಅಜ್ಜಿ. ಅವತ್ತು ಹುಡುಗ ನಿಂಗೆ ಇಷ್ಟ ಆಗಿದ್ದ, ಅಷ್ಟೇ."

ಪೂಜಾರಿ ತಲೆ ತಗ್ಗಿಸಿ ನಕ್ಕರು. ಕೊನೆಗೆ ಅವಳೇ, "ಬಿಡು, ನೀನು ಬೇಡ ಅಂದ್ರೆ ಹೋಗಲ್ಲ" ಎಂದಳು. ಮಾರಮ್ಮನ ಮುಖ ನೋಡಲಾಗದೆ, ತೀರ್ಥವನ್ನೂ ತೆಗೆದುಕೊಳ್ಳದೆ ಹೊರಗೆ ಬಂದುಬಿಟ್ಟೆ.

ಮಾರನೆಯ ಬೆಳಿಗ್ಗೆ ಬಸ್ಸು ಹಿಡಿದು ಅವಳ ಮನೆಗೆ ಹೋದೆ. ಚಪ್ಪಲಿ ಬಿಡುವ ಮೊದಲೇ ಹೇಳಿದೆ:

"ನಂಗೆ ನೀರಂದ್ರೆ ಭಯ. ಅದಕ್ಕೆ ಫ್ಯಾನ್ ಮೇಲೆ ಹಾಕ್ದೆ. ಅಮ್ಮ ಹೂಂ ಅಂದಾಗಿದೆ, ನೀವಿಬ್ರೂ ಹೊರಡಿ."