ಮಾವನ ಕೀಗೆ ಹಚ್ಚಿದ ಬಣ್ಣ

ಮಾವ ತೀರಿಕೊಂಡ ಮೇಲೆ ಅವರ ಕಾರು ಇಬ್ಬರೂ ಮಕ್ಕಳಿಗೆ ಸೇರಿದ್ದು ಅಂತ ಹಿರಿಯರು ಕೂತು ಹೇಳಿದ್ದರು. ಹೇಳಿದ್ದಷ್ಟೇ. ಕೀ ಮಾತ್ರ ಭಾವನ ಜೇಬು ಬಿಟ್ಟು ಕದಲುತ್ತಿರಲಿಲ್ಲ. ಭಾವ ಅಂದರೆ ನನ್ನ ಗಂಡನ ಅಣ್ಣ. ಶಿರಾಳಕೊಪ್ಪದಲ್ಲಿ ನಮ್ಮದು ಮೆಕ್ಕೆಜೋಳ ಕೊಂಡು ಮಾರುವ ಅಂಗಡಿ, ಅದರ ಹಿಂದೆಯೇ ಮನೆ. ಅಣ್ಣತಮ್ಮ ಇಬ್ಬರೂ ಅಂಗಡಿಯಲ್ಲಿ ಕೂರುತ್ತಾರೆ. ನಾನು ಸೊರಬದ ಒಂದು ಹೈಸ್ಕೂಲಿನಲ್ಲಿ ಟೀಚರು. ಬೆಳಿಗ್ಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ, ಸಂಜೆ ಹಾಗೇ ನೇತಾಡಿಕೊಂಡು ಬರುವುದು. ಕಾರು ಹಗಲೆಲ್ಲ ಶೆಡ್ಡಿನಲ್ಲಿ ಬೆಕ್ಕುಗಳಿಗೆ ಹಾಸಿಗೆಯಾಗಿತ್ತು.

ನನಗೆ ಕಾರು ಕಲಿಸಿದವರು ಮಾವನೇ. ತಾಳಗುಂದದ ಕಡೆಯ ರಸ್ತೆಯಲ್ಲಿ ಪಕ್ಕದಲ್ಲಿ ಕೂತು, ಒಂದು ಸಲವೂ ರೇಗದೆ ಕಲಿಸಿದರು. ಲೈಸೆನ್ಸೂ ಮಾಡಿಸಿಕೊಟ್ಟರು. ಆ ಧೈರ್ಯದ ಮೇಲೆ ಒಂದು ದಿನ ಅಂಗಡಿಗೆ ಹೋಗಿ ಕೇಳಿದೆ.

"ಭಾವ, ಕಾರು ಸುಮ್ನೆ ನಿಂತಿರುತ್ತಲ್ಲ. ಸ್ಕೂಲಿಗೆ ತಗೊಂಡು ಹೋಗ್ಲಾ?"

ಅವರು ನನ್ನ ಮುಖ ನೋಡಲಿಲ್ಲ. ತಮ್ಮನ ಕಡೆ ತಿರುಗಿ, "ಯಾಕೋ, ನಿನ್ನ ಹೆಂಡ್ತಿಗೆ ಬಸ್ಸು ಸಿಗ್ತಿಲ್ಲೇನು?" ಅಂದರು.

ನನ್ನ ಗಂಡ ನಕ್ಕುಬಿಟ್ಟರು. ಆ ನಗುವಿಗೆ ನಾನು ಇವತ್ತಿಗೂ ಲೆಕ್ಕ ಚುಕ್ತಾ ಮಾಡಿಲ್ಲ.

ಕೊನೆಗೆ ಅತ್ತೆಯೇ ಬಾಯಿ ಹಾಕಬೇಕಾಯಿತು. "ಕೊಡೋ, ಕಾರೇನು ನಿನ್ನೊಬ್ಬಂದಾ?" ಅಂದಾಗ ಭಾವ ಗಲ್ಲಾಪೆಟ್ಟಿಗೆಯ ಕೆಳಗಿನ ಮೊಳೆ ಡಬ್ಬಿ ಕೆದಕಿ, ಎರಡನೇ ಕೀ ತೆಗೆದು ಮೇಜಿನ ಮೇಲೆ ಎಸೆದರು. "ತಗೊಳ್ಳೋ. ನಿನ್ನ ಹೆಂಡ್ತಿಗೆ ಇದು ಸಾಕು," ಅಂದರು ತಮ್ಮನಿಗೆ.

ಅದು ಮಾವ ಬಳಸುತ್ತಿದ್ದ ಕೀ. ಕಪ್ಪು ಬಣ್ಣವೆಲ್ಲ ಹೋಗಿ, ಬೂದಿ ಬಣ್ಣದ ಪ್ಲಾಸ್ಟಿಕ್ಕು ಕಾಣುತ್ತಿತ್ತು. ಗುಂಡಿಗಳ ಮೇಲಿನ ಬೀಗದ ಗುರುತು ಅಳಿಸಿ, ರಬ್ಬರು ಹರಿದಿತ್ತು. ಒತ್ತಿದರೆ ಏನೂ ಆಗುತ್ತಿರಲಿಲ್ಲ. ಕೀಯನ್ನು ಬಾಗಿಲಿಗೆ ತೂರಿಸಿ ತಿರುಗಿಸಿದರೆ ಬಾಗಿಲೇನೋ ತೆರೆಯುತ್ತಿತ್ತು, ಆದರೆ ಕಳ್ಳ ಬಂದ ಅಂದುಕೊಂಡು ಕಾರು ಬಾಯಿ ಬಡಿದುಕೊಳ್ಳುತ್ತಿತ್ತು. ಒಳಗೆ ಕೂತು ಸ್ಟಾರ್ಟ್ ಮಾಡುವವರೆಗೂ ಅದೇ ಹಾರ್ನು. ಮೊದಲ ದಿನವೇ ಎದುರಿನ ಹೋಟೆಲಿನವರೆಲ್ಲ ಟೀ ಲೋಟ ಹಿಡಿದು ರಸ್ತೆಗೆ ಬಂದರು. ಭಾವ ಅಂಗಡಿ ಬಾಗಿಲಲ್ಲಿ ನಿಂತು, "ನೋಡ್ರಪ್ಪ, ಟೀಚರಮ್ಮ ಹೊರಟ್ರು, ದಾರಿ ಬಿಡ್ರಿ" ಅಂತ ಕೂಗಿದರು. ದಿನವೂ ಅದೇ ಹಾರ್ನು, ಅದೇ ಮಾತು. ನನ್ನ ಕಿವಿ ಬಿಸಿಯಾಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟ ಮಾಡಿ ಅಡ್ಡಾದಾಗ, ನಾನು ಕೀ ತಗೊಂಡು ಮಹಡಿ ಹತ್ತಿದೆ. ಅಡುಗೆಮನೆಯ ಚಿಕ್ಕ ಚಾಕುವಿನ ತುದಿಯಿಂದ ಅದರ ಎರಡು ಹೋಳು ಬಿಡಿಸಿದೆ. ಒಳಗೆ ಹಸಿರು ಹಲಗೆಯಂಥದ್ದೊಂದು, ಅದರ ಮೇಲೆಲ್ಲ ಜೋಳದ ದೂಳು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿ, ವಾಚ್ ಅಂಗಡಿಯಿಂದ ತಂದಿದ್ದ ಗುಂಡು ಸೆಲ್ ಹಾಕಿದೆ. ಹರಿದ ರಬ್ಬರು ಕಿತ್ತು ಬೇರೆ ಕೂರಿಸಿದೆ. ಆಮೇಲೆ ಹೊರಗಿನ ಚಿಪ್ಪನ್ನು ನೀರಲ್ಲಿ ಅದ್ದಿ ಅದ್ದಿ ಉಪ್ಪುಕಾಗದದಲ್ಲಿ ಉಜ್ಜಿದೆ. ಉಜ್ಜುವಾಗ ಕಣ್ಣ ಮುಂದೆ ಇದ್ದದ್ದು ಭಾವನ ಮುಖ. ಅದಕ್ಕೇ ಇರಬೇಕು, ಬಹಳ ನುಣುಪಾಗಿ ಬಂತು. ಪ್ರೈಮರ್ ಹೊಡೆದು ಒಣಗಿಸಿ, ಸ್ಪ್ರೇ ಡಬ್ಬಿಯಿಂದ ಕಪ್ಪು ಬಣ್ಣ ತೆಳ್ಳಗೆ, ಮತ್ತೊಮ್ಮೆ ತೆಳ್ಳಗೆ ಬಿಟ್ಟೆ. ಅವಸರಕ್ಕೆ ಒಂದು ಕಡೆ ಬಣ್ಣ ಇಳಿದು ಹನಿಗಟ್ಟಿತು; ಅದನ್ನು ಕೆರೆದು ಮತ್ತೆ ಹೊಡೆದೆ. ಕಡ್ಡಿಯ ತುದಿಯಲ್ಲಿ ಬಿಳಿ ನೇಲ್ ಪಾಲಿಶ್ ತಗೊಂಡು ಗುಂಡಿಗಳ ಮೇಲೆ ಬೀಗದ ಗುರುತು ಬರೆದೆ.

ಮಾರನೆಯ ಬೆಳಿಗ್ಗೆ ಗುಂಡಿ ಒತ್ತಿದೆ. ದೀಪಗಳು ಮಿನುಗಿ ಬಾಗಿಲು ಟಕ್ಕನೆ ತೆರೆಯಿತು. ಹಾರ್ನಿಲ್ಲ, ಏನಿಲ್ಲ. ಮಾತು ರೆಡಿ ಮಾಡಿಕೊಂಡು ನಿಂತಿದ್ದ ಭಾವನ ಬಾಯಿ ತೆರೆದೇ ಉಳಿಯಿತು.

ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು.

"ಕೀ ತೋರಿಸು," ಅಂದರು ಭಾವ. ಮೊದಲ ಸಲ ನನ್ನ ಜತೆ ನೇರವಾಗಿ ಮಾತಾಡಿದ್ದು.

ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, ಅತ್ತೆಯ ಮುಂದೆ ಹಿಡಿದರು. "ನೋಡವ್ವ. ಶಿಕಾರಿಪುರಕ್ಕೆ ಹೋಗಿ ಹೊಸ ಕೀ ಮಾಡಿಸ್ಕೊಂಡು ಬಂದಾಳ. ಕಳ್ಳಿ. ಇವತ್ತು ಕಾರಿಂದು, ನಾಳೆ ಅಂಗಡೀದು."

"ಅದು ನೀವು ಎಸೆದ ಕೀನೇ ಭಾವ. ನಾನೇ ಬಣ್ಣ ಹಚ್ಚಿದ್ದು."

"ಯಾರಿಗೆ ಹೇಳ್ತೀಯ ಕತೆ?"

ನಾನು ಗಂಡನ ಕಡೆ ನೋಡಿದೆ. ಮಹಡಿ ಮೇಲೆ ಕೀ ಒಣಗುತ್ತಿದ್ದದ್ದನ್ನು ಅವರು ಕಂಡಿದ್ದರು. ಆದರೂ ಕಾಲಿನ ಉಗುರು ನೋಡುತ್ತ ಕೂತಿದ್ದರು. ಭಾವ ಗೋಣಿಚೀಲದ ದಾರ ಕೊಯ್ಯುವ ಚೂರಿ ತೆಗೆದು ಕೀ ಮೇಲೆ ಒಂದೇ ಸಮ ಕೆರೆದರು. ಕಪ್ಪು ಬಣ್ಣ ಸಿಪ್ಪೆಯಾಗಿ ಉದುರಿತು. ಕೆಳಗಿನಿಂದ ಅದೇ ಹಳೆಯ ಬೂದಿ ಪ್ಲಾಸ್ಟಿಕ್ಕು, ಮೂಲೆಯಲ್ಲಿ ಮಾವ ಒಮ್ಮೆ ಬೀಳಿಸಿ ಆಗಿದ್ದ ಸೀಳು ಕಾಣಿಸಿತು.

ತಪ್ಪಾಯ್ತು ಅನ್ನುತ್ತಾರೇನೋ ಅಂತ ಕಾದೆ. ಭಾವ ಚೂರಿ ಮಡಚಿ, "ಅಪ್ಪ ಹಿಡಿದು ಹಿಡಿದು ಸವೆಸಿದ್ದಿದು. ಅವನ ಕೈ ಗುರುತನ್ನೇ ಉಜ್ಜಿ ಹಾಕಿದೀಯಲ್ಲ, ಏನ್ ಹೆಂಗಸು ನೀನು?" ಅಂದರು.

ನನಗೆ ತಡೆಯಲಾಗಲಿಲ್ಲ. "ಕೈ ಗುರುತು ಮೊಳೆ ಡಬ್ಬೀಲಿ ಬಿದ್ದಿದ್ದಾಗ ನಿಮ್ಮ ಅಪ್ಪ ನೆನಪಾಗ್ಲಿಲ್ವಾ? ಕಳ್ಳಿ ಅಂದ್ರಲ್ಲ, ಅದನ್ನ ವಾಪಸ್ ತಗೊಳ್ಳಿ ಮೊದಲು."

"ಬಿಡೇ, ದೊಡ್ಡವರು," ಅಂದರು ಗಂಡ, ಆಗ ಮಾತ್ರ ಬಾಯಿ ಬಿಟ್ಟು.

"ನೀವು ಸುಮ್ನಿರಿ. ಬೇಕಾದಾಗ ಸುಮ್ನಿದ್ರಲ್ಲ, ಈಗ್ಲೂ ಹಾಗೇ ಇರಿ."

ಕೀ ಕಸಿದುಕೊಂಡು ಒಳಗೆ ಹೋದೆ. ಆ ಮಾತನ್ನು ಭಾವ ವಾಪಸ್ ತಗೊಳ್ಳಲಿಲ್ಲ. ಕೆಲವು ತಿಂಗಳಲ್ಲಿ ತಮಗೇ ಬೇರೆ ಕಾರು ಕೊಂಡರು, ಬಿಳಿಯದು. ಶೆಡ್ಡಿನಲ್ಲಿ ಅದನ್ನು ಬೇಕಂತಲೇ ಹಳೆ ಕಾರಿನ ಬಲ ಬಾಗಿಲಿಗೆ ಒತ್ತಿ ನಿಲ್ಲಿಸುತ್ತಾರೆ. ನಾನು ಎಡಗಡೆಯಿಂದ ಹತ್ತಿ, ಸೀರೆ ಎತ್ತಿಕೊಂಡು ಗೇರಿನ ಮೇಲೆ ಕಾಲು ದಾಟಿಸಿ ಕೂರಬೇಕು. ಅತ್ತೆ ಕೇಳಿದರೆ "ಜಾಗ ಇಲ್ಲವ್ವ" ಅನ್ನುತ್ತಾರೆ.

ಒಂದು ಸಂಜೆ ಬಟ್ಟೆ ಮಡಚುತ್ತಿದ್ದಾಗ ಅಕ್ಕ, ಅಂದರೆ ಭಾವನ ಹೆಂಡತಿ, ಪಕ್ಕಕ್ಕೆ ಬಂದು ದನಿ ಇಳಿಸಿದರು. "ನಂಗೂ ಕಾರು ಕಲಿಸ್ತೀಯೇನೆ?"

"ಭಾವಂಗೆ ಗೊತ್ತಾ?"

"ಗೊತ್ತಾದ್ರೆ ಬಿಡ್ತಾರೇನು?"

ಅಕ್ಕನ ಮೇಲಿನ ಪ್ರೀತಿಗೆ ಒಪ್ಪಿಕೊಂಡೆ ಅಂದರೆ ಸುಳ್ಳಾಗುತ್ತದೆ. ಕೀ ಪಂಚಾಯ್ತಿಯ ದಿನ ಅವರೂ ಬಾಯಿ ಬಿಟ್ಟಿರಲಿಲ್ಲ. ನನಗೆ ಬೇಕಾಗಿದ್ದದ್ದು, ಅಕ್ಕ ಕಾರು ಓಡಿಸಿದ್ದು ಕಂಡಾಗ ಭಾವನ ಮುಖ ನೋಡುವುದು. ರಜೆಯ ದಿನಗಳಲ್ಲಿ ದೇವರ ನೆಪ ಹೇಳಿ ಅಂಬ್ಲಿಗೊಳದ ಕಡೆಗೆ ಕರೆದುಕೊಂಡು ಹೋಗಿ ಕಲಿಸಿದೆ. ಗೇರು ತಪ್ಪಿದರೆ ಗದರಿದೆ, ಕಾಲುವೆ ಅಂಚಿಗೇ ತಂದು ನಿಲ್ಲಿಸಿದರೆ ಇನ್ನೂ ಜೋರಾಗಿ ಗದರಿದೆ. ಅವರು ಬೈಸಿಕೊಂಡೇ ಕಲಿತರು.

ಸಂತೆಯ ದಿನ ಜನ ತುಂಬಿದ ರಸ್ತೆಯಲ್ಲಿ ಅಕ್ಕನೇ ಸ್ಟೀರಿಂಗ್ ಹಿಡಿದು ಅಂಗಡಿಯ ಮುಂದೆ ಹಾದರು. ಜೋಳ ತಂದಿದ್ದ ರೈತನೊಬ್ಬ, "ಏನ್ರೀ ಸಾವ್ಕಾರ್ರೆ, ನಿಮ್ಮ ಮನೇರು!" ಅಂದ. ಭಾವ ತಕ್ಕಡಿಯ ಹತ್ತಿರ ಬಗ್ಗಿದ್ದವರು ತಲೆಯೆತ್ತಿ ನೋಡಿದರು. ಪಕ್ಕದ ಸೀಟಿನಿಂದ ನಾನೂ ಅವರನ್ನೇ ನೋಡಿದೆ, ಕಣ್ಣು ತಪ್ಪಿಸಲಿಲ್ಲ. ಅವತ್ತು ಅವರು ಮಧ್ಯಾಹ್ನದ ಊಟಕ್ಕೆ ಒಳಗೆ ಬರಲಿಲ್ಲ. ನಾನು ಹೊಟ್ಟೆತುಂಬ ಉಂಡೆ.