ಜಾಲರಿ ಕಾಯುವ ಅಬಾನ್

ಲಾಂಗ್ ಸೆಬಾಯಾದಲ್ಲಿ ಊರಿಗೂರೇ ಒಂದೇ ಸೂರಿನಡಿ ಇರುವ ನಮ್ಮ ಉದ್ದಮನೆಯಲ್ಲಿ ಲಾಜಂಗನಂಥ ಕಿವಿ ಇನ್ನೊಬ್ಬರಿಗಿರಲಿಲ್ಲ. ಎರಡು ಗುಡ್ಡದಾಚೆ ತೊರೆಯ ಕಟ್ಟೆಗೆ ಕಸ ತಡೆಯಲು ಹಾಕಿದ ಜಾಲರಿಗೆ ಒಂದೇ ಒಂದು ತರಗೆಲೆ ಅಂಟಿಕೊಂಡರೂ ಸಾಕು, ಇಲ್ಲಿ ಜಗಲಿಯಲ್ಲಿ ಕೂತು ಸಾಗು ಮರದ ಹಿಟ್ಟಿನ ಅಂಟುಗಂಜಿಯನ್ನು ತಿನ್ನಲು ಕಡ್ಡಿಗೆ ಸುತ್ತುತ್ತಿದ್ದವನು ಕೈ ತಡೆದು, "ಎಲೆ ಬಿತ್ತು. ದುರಿಯಾನ್ ಎಲೆ," ಅನ್ನುತ್ತಿದ್ದ. ಹೋಗಿ ನೋಡಿದರೆ ದುರಿಯಾನ್ ಎಲೆಯೇ. ಅದರ ಮೇಲೆ ಎಷ್ಟು ಇರುವೆ ಇವೆಯೆಂದೂ ಹೇಳಿಬಿಡುತ್ತಿದ್ದನೇನೋ, ಯಾರೂ ಕೇಳಲಿಲ್ಲ ಅಷ್ಟೆ.

ತೊರೆಯ ನೀರಿನಿಂದ ಕರೆಂಟು ಮಾಡುವ ಚಕ್ರವನ್ನು ದೋಣಿಯಿಂದಿಳಿಸಿ, ಬೆನ್ನ ಮೇಲೆ ಹೊತ್ತು ತಂದವನೂ ಅವನೇ. ಎರಡು ದಿನದ ದಾರಿ ಎಂದು ಮೊದಲು ಹೇಳುತ್ತಿದ್ದ. ಅವನ ಹಲ್ಲು ಉದುರಿದಷ್ಟೂ ದಾರಿ ಉದ್ದವಾಗಿ ಕೊನೆಗೆ ಒಂಬತ್ತು ದಿನಕ್ಕೆ ಬಂತು. ಚಕ್ರದ ತೂಕ ಎರಡು ಗಬ್ಬದ ಕಾಡುಹಂದಿಗಳಷ್ಟಾಯಿತು. ಮೊದಲ ಬಲ್ಬು ಹತ್ತಿದ ದಿನ ಚಕ್ರ ಬಿಡದೆ ಗೊಣಗುವುದನ್ನು ಕೇಳಿ, ಅದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟ.

"ಆ ಕಬ್ಬಿಣಕ್ಕೆ ನನ್ನ ಹೆಸ್ರು ಯಾಕೋ, ಮುದಿಯ?"

"ಇಬ್ರಿಗೂ ದಿನಾ ಎಣ್ಣೆ ಬಿಡ್ಬೇಕಲ್ಲ ಮಾರಾಯ್ತಿ, ಇಲ್ಲಾಂದ್ರೆ ಕಿರುಚ್ತೀರಿ."

"ಹಂಗಾದ್ರೆ ಅದನ್ನೇ ತಬ್ಕೊಂಡು ಮಲಗು, ಹೋಗು!"

ಆ ಹೆಸರೇನೆಂದು ಇಲ್ಲಿ ಬರೆಯುವಂತಿಲ್ಲ. ಸತ್ತವರ ಹೆಸರನ್ನು, ಹಿಂದೆ ಕಾಡು ಅಲೆಯುತ್ತಿದ್ದ ನಾವು ಪೆನಾನರು ಬಾಯಿಗೆ ತರುವುದಿಲ್ಲ.

ಮರ ಕಡಿಯುವವರು ಮೇಲಿನ ಗುಡ್ಡವನ್ನು ಕೋಳಿಯ ಪುಕ್ಕ ಕಿತ್ತ ಹಾಗೆ ಕಿತ್ತ ಮೇಲೆ ತೊರೆಗೆ ಹುಚ್ಚು ಹಿಡಿದಿತ್ತು. ಒಂದು ದಿನ ಲಾಜಂಗನಿಗೆ ಚಳಿಜ್ವರ ಬಂತು. ಜಾಲರಿಗೆ ಕಸ ಕಟ್ಟಿಕೊಂಡಿದೆ ಎಂದು ಮಲಗಿದಲ್ಲಿಂದಲೇ ಹೇಳಿದ. ತೆಗೆಯಲು ಹೆಂಡತಿ ಬೈದುಕೊಂಡೇ ಹೊರಟಳು. ಮೇಲೆಲ್ಲೋ ಸುರಿದ ಮಳೆ ಕೆಂಪು ಕೆಸರಾಗಿ ಒಮ್ಮೆಲೇ ಇಳಿದು ಅವಳನ್ನು ಜಾಲರಿಗೆ ಒತ್ತಿ ಹಿಡಿಯಿತು. ಬಿಡಿಸಲು ನಾಲ್ಕು ಜನ ಬೇಕಾಯಿತು. ಇದರಲ್ಲಿ ಒಂದೆಳೆಯನ್ನೂ ಸೇರಿಸಿ ಹೇಳುತ್ತಿಲ್ಲ.

ಮಣ್ಣು ಮಾಡಿದ ಮೇಲೆ ಅವನ ಹೆಸರೂ ಹೋಯಿತು. ಹೆಂಡತಿ ಸತ್ತವನನ್ನು ಕರೆಯುವ ಹಾಗೆ ಎಲ್ಲರೂ 'ಅಬಾನ್' ಎಂದು ಕರೆಯತೊಡಗಿದರು. ಮೂರನೆಯ ದಿನ ಅವನು ಬುಟ್ಟಿ ಹೊತ್ತು, ಬೇಟೆಯ ವಿಷಬಾಣದ ಊದುಗೊಳವೆ ಹಿಡಿದು ಜಗಲಿಯಲ್ಲಿ ನಿಂತು, "ಏಳಿ, ಹೊರಡೋಣ," ಎಂದ.

ಯಾರೂ ಏಳಲಿಲ್ಲ. "ಎಲ್ಲಿಗೆ ಭಾವ?" ಎಂದ ಉದ್ದಮನೆಯ ಯಜಮಾನ ಮೆಲಾಯ್. ಸತ್ತವಳ ತಮ್ಮ ಅವನು.

"ಸಾವಾದ ಜಾಗ ಬಿಡ್ಬೇಕು. ನಿಮ್ಮಪ್ಪ ಸತ್ತಾಗ ಅರ್ಧ ಬೆಂದ ಹಂದಿ ಬಿಟ್ಟು ಎದ್ದು ಬಂದ್ವಲ್ಲ, ಮರ್ತೋಯ್ತಾ?"

"ಆಗ ಬಿಡೋಕೆ ಏನಿತ್ತು? ನಾಲ್ಕು ಕಂಬ, ಒಂದು ಚಪ್ಪರ."

ಪಕ್ಕದ ಕೋಣೆಯ ಲಿಬೆಂಗ್ ಬಾಗಿಲಿಗೆ ಬಂದಳು. "ಫ್ರೀಜರಲ್ಲಿ ಎರಡು ಹಂದಿ ಐತೆ ಅಣ್ಣ. ಹೊತ್ಕೊಂಡು ಹೊರಟ್ರೆ ನಾತ ನಮಗಿಂತ ಮುಂದೆ ಓಡ್ತದೆ."

ಯಾರೋ ನಕ್ಕರು. ನಗು ಅರ್ಧಕ್ಕೇ ನಾಚಿ ಕೆಮ್ಮಾಯಿತು.

"ಬೆಳಕು ಕೊಡ್ತೀನಿ, ಅಲೆಯೋದು ಬಿಡಿ ಅಂದೋನು ನೀನೇ ಭಾವ," ಎಂದ ಮೆಲಾಯ್. "ಬಿಟ್ವಿ."

ಅಬಾನ್ ಬುಟ್ಟಿ ಇಳಿಸಿದ. "ಸರಿ, ಇರ್ತೀನಿ. ಆ ಕಟ್ಟೆಗೆ ಮಾತ್ರ ನನ್ನನ್ನ ಕಳಿಸ್ಬೇಡಿ. ಅಷ್ಟೊಂದು ಉಪಕಾರ ಮಾಡಿ."

ಕಳಿಸುವುದಿಲ್ಲ ಎಂದು ಎಲ್ಲರೂ ತಲೆಯಾಡಿಸಿದರು. ತಾವು ಹೋಗುವುದಕ್ಕೂ ಯಾರಿಗೂ ಧೈರ್ಯವಿರಲಿಲ್ಲ. ಜಾಲರಿಯ ಕಸ ತೆಗೆಯುವವರಿಲ್ಲದೆ ಆರನೆಯ ದಿನಕ್ಕೆ ಬಲ್ಬುಗಳು ಕಾಮಾಲೆಯವರ ಕಣ್ಣಿನಂತೆ ಹಳದಿಯಾದವು. ಅಬಾನ್ ಕಿವಿಗೆ ಜೇನುಮೇಣ ತುಂಬಿಕೊಂಡ. ಆದರೂ ಒಂದೊಂದು ಎಲೆ ಬೀಳುವುದೂ ಕೇಳುತ್ತಿತ್ತು. ಚಕ್ರದ ಹೆಸರು ಎತ್ತುವಂತಿಲ್ಲವಾದ್ದರಿಂದ ಬಂದವರೆಲ್ಲ "ಅದು... ಮೇಲಿರೋದು..." ಎಂದು ತೊದಲಿ ಅವನ ಪಕ್ಕ ಕೂತು ಎದ್ದು ಹೋಗುತ್ತಿದ್ದರು. ಏಳನೆಯ ದಿನ ಲಿಬೆಂಗಳ ಫ್ರೀಜರಿನಿಂದ ಕೆಂಪು ನೀರು ಜಗಲಿಗೆ ಹರಿಯಿತು.

"ನಮಗೆ ಭಯ ಭಾವ," ಎಂದ ಮೆಲಾಯ್. "ನಿನಗಾದ್ರೆ ಅಕ್ಕ ಏನೂ ಮಾಡಲ್ಲ."

"ಬದುಕಿದ್ದಾಗ ಬಿಟ್ಟಿದ್ಲೇನೋ?" ಎಂದ ಅಬಾನ್. ಎದ್ದು ಹೋದ.

ಎಲೆ, ಕಡ್ಡಿ, ಕೆಸರು ಬಾಚಿ ಎಸೆದ. ಕೈ ಎಲ್ಲೆಲ್ಲಿ ಮುಟ್ಟುತ್ತಿದೆಯೆಂದು ನೋಡಬಾರದೆಂದು ಕಣ್ಣು ಮುಚ್ಚಿಕೊಂಡೇ ಬಾಚಿದ. ಚಕ್ರದ ಗೊಣಗು ಏರಿತು. ಎರಡು ಗುಡ್ಡದಾಚೆ ಜನ ಹೋ ಎಂದು ಕೂಗಿದ್ದು ಆ ಕಿವಿಗೆ ಕೇಳಿಸಿತು.

ಇಳಿದು ಬರುವಷ್ಟರಲ್ಲಿ, ಎತ್ತರದ ಕಂಬಗಳ ಮೇಲಿನ ಉದ್ದಮನೆಯ ಏಣಿಯನ್ನು ಮೇಲಕ್ಕೆ ಎಳೆದಿದ್ದರು.

"ತಪ್ಪು ತಿಳೀಬೇಡ ಭಾವ," ಎಂದ ಮೆಲಾಯ್, ಅವನ ಮುಖ ನೋಡದೆ. "ಸಾವು ಮುಟ್ಟಿ ಬಂದಿದೀಯ. ಒಳಗೆ ಮಕ್ಕಳವೆ."

ಅಂಥ ಕಟ್ಟಳೆ ನಮ್ಮಲ್ಲಿ ಇರಲೇ ಇಲ್ಲ. ಸಾವಾದ ಜಾಗಕ್ಕೆ ಹಿಂದೆ ಯಾರೂ ತಿರುಗಿ ಹೋದದ್ದೇ ಇಲ್ಲವಲ್ಲ, ಕಟ್ಟಳೆ ಬೇಕಾದದ್ದಾದರೂ ಯಾವಾಗ? ಅದು ಅಂದು ಹುಟ್ಟಿತು. ಕೆಳಗೆ ಅವನ ಚಾಪೆ, ಕತ್ತಿ, ಎಲೆಯಲ್ಲಿ ಸುತ್ತಿದ ಒಂದು ತುಂಡು ಮಾಂಸ ಇಟ್ಟಿದ್ದರು. ಅವನು ಅವನ್ನು ಎತ್ತಿಕೊಂಡು, ಬಂದ ದಾರಿಯಲ್ಲೇ ಹತ್ತಿ ಹೋದ.

ಏಳು ವರ್ಷವಾಯಿತು. ಕಟ್ಟೆಯ ಪಕ್ಕದ ಚಪ್ಪರದಲ್ಲಿ ಅವನೊಬ್ಬನೇ. ನಡುದಾರಿಯ ಬಂಡೆಯ ಮೇಲೆ ಸಾಗು ಇಟ್ಟು, ಒಂದು ಕೂಗು ಹಾಕಿ ಓಡಿ ಬರುತ್ತೇವೆ. ಕರೆಂಟು ಒಂದು ದಿನವೂ ತಪ್ಪಿಲ್ಲ. ಪಟ್ಟಣದಲ್ಲೂ ಇಂಥ ಬೆಳಕಿಲ್ಲವೆಂದು ಬಂದವರೆಲ್ಲ ಹೊಗಳುತ್ತಾರೆ. ಬಲ್ಬು ಹಳದಿಯಾದ ದಿನ ಅವನು ಸತ್ತನೆಂದು ನಮಗೆ ಗೊತ್ತಾಗುತ್ತದೆ. ಆಗ ಮೇಲೆ ಹೋಗಬೇಕಾದವರು ಯಾರೆಂದು ಉದ್ದಮನೆಯಲ್ಲಿ ಈಗಾಗಲೇ ಜಗಳ ಶುರುವಾಗಿದೆ.