ಬಾಮೈದನ ಮಂಜುಗಡ್ಡೆ ತೊಟ್ಟಿ

ಹಾಲಿನ ಕಾರ್ಖಾನೆಯ ಕಂಪ್ರೆಸರ್ ಕೋಣೆಯ ಹಿರಿಯ ಆಪರೇಟರನ್ನು ಎಲ್ಲರೂ ಡಿಗ್ರಿ ಸಾಹೇಬರು ಎನ್ನುತ್ತಿದ್ದರು. ಹಾಲು ಕೆಡದಿರುವುದು ತಮ್ಮ ಕೃಪೆಯಿಂದ ಎಂದೇ ಅವರ ನಂಬಿಕೆ. ಯಾರ ಮನೆಯಲ್ಲಿ ತಣ್ಣೀರು ಕೊಟ್ಟರೂ ಒಂದು ಗುಟುಕು ಕುಡಿದು, "ಇನ್ನೆರಡು ಡಿಗ್ರಿ ಇಳೀಬೇಕಿತ್ತು" ಎನ್ನುವರು.

ಅವರ ಕೋಣೆಯ ಪಕ್ಕಕ್ಕೆ ಮಂಜುಗಡ್ಡೆ ತೊಟ್ಟಿ ಬಂತು. ಕರೆಂಟು ಅಗ್ಗವಾಗಿರುವ ರಾತ್ರಿ ಕಂಪ್ರೆಸರ್ ಓಡಿಸಿ ತೊಟ್ಟಿಯ ಕೊಳವೆಗಳ ಸುತ್ತ ಗಡ್ಡೆ ಕಟ್ಟಿಸಿ, ದುಬಾರಿಯ ಹಗಲಲ್ಲಿ ಅದನ್ನೇ ಕರಗಿಸಿ ಹಾಲು ತಣಿಸುವುದು. ಹಗಲೆಲ್ಲ ಕಂಪ್ರೆಸರಿಗೆ ರಜೆ. ಇಷ್ಟಾದರೆ ಸಹಿಸಬಹುದಿತ್ತು. ತೊಟ್ಟಿ ನೋಡಿಕೊಳ್ಳಲು ರಾತ್ರಿ ಪಾಳಿಗೆ ಬಂದವನು ಅವರ ಹೆಂಡತಿಯ ಸ್ವಂತ ತಮ್ಮ.

ಮೊದಲ ತಿಂಗಳೇ ಕರೆಂಟು ಬಿಲ್ಲು ಇಳಿಯಿತು. ಇನ್ನೊಂದು ತಿಂಗಳು ಹೀಗೇ ಬಂದರೆ ಇಡೀ ಕೋಣೆಯ ಉಸ್ತುವಾರಿ ಇವನಿಗೇ ಎಂದರು ಮ್ಯಾನೇಜರು.

"ನನ್ನ ತಮ್ಮ ಕಂಪನೀನೇ ಉಳಿಸ್ಬಿಟ್ಟ" ಎಂದಳು ಹೆಂಡತಿ. ಸಾಹೇಬರು ಊಟ ಬಿಟ್ಟು ಎದ್ದರು. ಯಾರೂ ಕರೆಯದಿದ್ದಾಗ ತಾವೇ ಬಂದು ಕೂತರು.

ಮರುದಿನದಿಂದ, ನಿಂತರೆ ತುಕ್ಕು ಹಿಡಿಯುತ್ತದೆ ಎಂಬ ನೆಪ ತೆಗೆದು ಹಗಲೂ ಕಂಪ್ರೆಸರ್ ಓಡಿಸಿದರು. ತೊಟ್ಟಿಯ ಗಡ್ಡೆಗೆ ಕೆಲಸವಿಲ್ಲದಾಯಿತು. ಕರಗದ ಗಡ್ಡೆಯ ಮೇಲೆ ರಾತ್ರಿ ಮತ್ತೆ ಗಡ್ಡೆ ಕಟ್ಟಿ, ಕೊಳವೆಗಳು ಕಂಬಳಿ ಹೊದ್ದಂತಾದವು. ಆ ಕಂಬಳಿ ದಾಟಿ ನೀರು ಹೆಪ್ಪುಗಟ್ಟಿಸಲು ಯಂತ್ರ ಏದುಸಿರು ಬಿಟ್ಟು ಕರೆಂಟು ಕುಡಿಯಿತು.

"ಭಾವ, ಗಡ್ಡೆ ಕರಗ್ತಾನೇ ಇಲ್ವಲ್ಲ?"

"ನಿಮ್ಮಕ್ಕನ ಕೋಪ ಕರಗುತ್ತೇನಯ್ಯ? ನಿಮ್ಮನೆ ಸರಕೇ ಹಾಗೆ. ನೀನು ಕಟ್ತಾ ಇರು."

ಭಾವನ ಮಾತೆಂದು ಅವನು ಕಟ್ಟುತ್ತಲೇ ಹೋದ. ಬಿಲ್ಲು ಏರಿತು. ಮ್ಯಾನೇಜರು ಇಬ್ಬರನ್ನೂ ಕರೆಸಿದರು.

"ತೊಟ್ಟಿ ಕಿತ್ಹಾಕೋಣ. ಇವನನ್ನೂ ಕಳಿಸೋಣ. ಏನಂತೀರಿ ಸಾಹೇಬ್ರೆ?"

ಸಾಹೇಬರು ದುಃಖದ ಮುಖ ಸಿದ್ಧಪಡಿಸುತ್ತಿದ್ದರು. ಅಷ್ಟರಲ್ಲಿ ಬಾಮೈದ ತಲೆ ತಗ್ಗಿಸಿ, "ಬೇರೆ ಕೆಲಸ ಸಿಗೋವರೆಗೂ ಅಕ್ಕನ ಮನೇಲಿ ಇರ್ತೀನಿ ಭಾವ" ಎಂದ.

ಸಾಹೇಬರ ಕಣ್ಣಿಗೆ ಕಟ್ಟಿತು: ಕೆಲಸ ಕಳೆದುಕೊಂಡ ತಮ್ಮ, ಪಕ್ಕದಲ್ಲಿ ಕೂತು ಹಣ್ಣು ಸುಲಿದು ಕೊಡುವ ಅಕ್ಕ, ಮೂಲೆಯಲ್ಲಿ ತಾವು. ಗೆದ್ದವನ ಮೇಲೇ ಅಷ್ಟು ಅಕ್ಕರೆ ತೋರುವವಳು ಸೋತವನನ್ನು ತಲೆಯ ಮೇಲೇ ಕೂರಿಸಿಕೊಳ್ಳುತ್ತಾಳೆ.

"ತೊಟ್ಟಿ ಚೆನ್ನಾಗೇ ಇದೆ ಸಾರ್" ಎಂದರು. "ಹಗಲು ಕಂಪ್ರೆಸರ್ ಓಡ್ತಿತ್ತು."

"ಯಾರು ಓಡಿಸಿದ್ದು?"

ಕೋಣೆಯ ಬೀಗದ ಕೈ ಸಾಹೇಬರ ಸೊಂಟದಲ್ಲೇ ಇತ್ತು.

ಉಸ್ತುವಾರಿ ಬಾಮೈದನಿಗೆ ಹೋಯಿತು. ಸಂಜೆ ಸಾಹೇಬರು ಮನೆಗೆ ಬಂದಾಗ ಹೆಂಡತಿ ಅವರ ಪಕ್ಕದಲ್ಲೇ ಬಂದು ಕೂತಳು.

"ಹೋಗ್ಲಿ ಬಿಡಿ" ಎಂದು ಹಣ್ಣು ಸುಲಿದು ಕೊಟ್ಟಳು. "ಇದು ಅವನು ತಂದಿದ್ದು."